ವಿಹಾರದ ಭಾನುವಾರಗಳು

ರಂಗಂಪೇಟೆ, ಸುರಪುರ
21 ಜುಲೈ 2024

ಕೃಪಾ,

ನಿನ್ನ ಎರಡು ಪತ್ರಗಳಿಗೂ ನಾನು ಉತ್ತರ ಬರೆಯಲಿಲ್ಲ. ಸಿಟ್ಟಿತ್ತು. ಈಗಲೂ ಇದೆ. ಆದರೆ ಇವತ್ತು ನಡೆದದ್ದನ್ನು ನಿನ್ನನ್ನು ಬಿಟ್ಟು ಯಾರಿಗೆ ಹೇಳಬೇಕೋ ತಿಳಿಯುತ್ತಿಲ್ಲ. ಫೋನು ಮಾಡೋಣವೆಂದರೆ ನಿಮ್ಮ ಕಾನ್ವೆಂಟಿನಲ್ಲಿ ಸಿಸ್ಟರಾಗುವ ತರಬೇತಿಯ ಹುಡುಗಿಯರ ಕೈಗೆ ಫೋನು ಕೊಡುವುದಿಲ್ಲ. ಹಾಗಾಗಿ ಅಂಗನವಾಡಿ ಮಕ್ಕಳು ಮಲಗಿದ ಹೊತ್ತಿನಲ್ಲಿ ಕೂತು ಬರೆಯಬೇಕೆಂದಿದ್ದೆ. ಅಷ್ಟು ತಡೆಯಲಾಗದೆ ಭಾನುವಾರವೇ ಬರೆಯುತ್ತಿದ್ದೇನೆ.

ನಮ್ಮ ಚರ್ಚಿನ ಹಿಂದಿನ ಗೋಡೆ ಬಿತ್ತು. ಗುರುವಾರದ ಮಳೆಗೆ. ಒಳಗೆ ಯಾರೂ ಇರಲಿಲ್ಲ, ಅದೊಂದು ಪುಣ್ಯ. ನಿನ್ನ ಅಪ್ಪ ಕೂತು ಹಾರ್ಮೋನಿಯಂ ನುಡಿಸುತ್ತಿದ್ದ ಜಾಗದ ಮೇಲೇ ಕಲ್ಲುಗಳು ರಾಶಿ ಬಿದ್ದಿವೆ. ಚಾವಣಿಯೂ ಒಂದು ಕಡೆ ಜೋತಿದೆ. ನಗರಸಭೆಯವರು ಬಂದು ಹಗ್ಗ ಕಟ್ಟಿ, ಯಾರೂ ಒಳಗೆ ಹೋಗಬಾರದೆಂದು ಹೇಳಿದರು. ಇವತ್ತು ನಾವೆಲ್ಲ ಚಾಪೆ ಹಿಡಿದುಕೊಂಡು ಹೋಗಿ ರಸ್ತೆಯ ಮೇಲೆ ನಿಂತೆವು. ಮೊದಲ ಕೀರ್ತನೆ ಅರ್ಧ ಹಾಡುವಷ್ಟರಲ್ಲಿ ಮತ್ತೆ ಮಳೆ ಬಂತು. ಎಲ್ಲರೂ ಓಡಿದರು. ನಮ್ಮ ಪಾಸ್ಟರ್ ಪ್ರಭುದಾಸ ಒಬ್ಬರೇ ಬೈಬಲನ್ನು ಅಂಗಿಯೊಳಗೆ ಇಟ್ಟುಕೊಂಡು ಹಗ್ಗದ ಹತ್ತಿರ ನಿಂತೇ ಇದ್ದರು. ನೀನು ಹೋದ ಮೇಲೆ ಬಂದವರು ಇವರು. ಬೀದರ ಕಡೆಯ ಹುಡುಗ, ಮೂವತ್ತು ದಾಟಿಲ್ಲ. ನಗುವುದು ಕಡಿಮೆ.

ಅವರು ಜಾಗ ಕೇಳಿಕೊಂಡು ಎಲ್ಲ ಕಡೆ ತಿರುಗಿ ಬಂದಿದ್ದಾರೆ. ಯಾದಗಿರಿಯ ನಿಮ್ಮ ಫಾದರ್ ವಲೇರಿಯನ್ ಚಹಾ ಕೊಟ್ಟು ಕೂರಿಸಿ, ಪ್ರಾರ್ಥನೆಗಾದರೆ ಸರಿ, ರೊಟ್ಟಿ ಮುರಿದು ಹಂಚುವ ಕರ್ತನ ಭೋಜನಕ್ಕಾದರೆ ಬಿಷಪ್ಪರನ್ನು ಕೇಳಬೇಕು ಅಂದರಂತೆ. ಇಲ್ಲಿನ ಪೆಂತೆಕೋಸ್ತಿನವರು ಎಲ್ಲರೂ ಬರ್ರಿ ಅಂದರು. ಆದರೆ ಕೂಸಿನ ತಲೆಯ ಮೇಲೆ ನೀರು ಚಿಮುಕಿಸಿದ್ದು ದೀಕ್ಷಾಸ್ನಾನವೇ ಅಲ್ಲ, ದೊಡ್ಡವರೆಲ್ಲ ಇನ್ನೊಮ್ಮೆ ಮುಳುಗಬೇಕು ಅನ್ನುವ ಮಾತನ್ನೂ ಜೊತೆಗೇ ಕಳಿಸಿದರು. ಒಂದೇ ಶಿಲುಬೆಯವರು, ನೋಡು.

ಸಂಜೆಗೆ ನಿನ್ನ ಮಾವ ಬಂದ. ತಾಯಪ್ಪ ನಮ್ಮ ಮನೆಯ ಹೊಸ್ತಿಲು ದಾಟುವುದೇ ಅಪರೂಪ. ನಿಂತುಕೊಂಡೇ ಹೇಳಿದ.

"ಅಕ್ಕಾ, ವಿಹಾರ ಭಾನುವಾರ ಮುಂಜಾನೆ ಖಾಲಿನೇ ಇರ್ತದ. ನಮ್ಮ ಬುದ್ಧವಂದನಾ ಸಂಜೀಕ. ನಿಮ್ಮವರು ಬಂದು ಕುಂಡ್ರಬಹುದು."

"ಯಾರನ್ನ ಕೇಳಿ ಹೇಳಾಕತ್ತೀಯಪ್ಪ?"

"ಕಮಿಟಿ ಕೇಳೀನಿ. ನಮ್ಮ ಜೈಭೀಮ ಒಬ್ಬ ಬ್ಯಾಡ ಅಂದಾನ. ಉಳಿದವರು ಹೂಂ ಅಂದಾರ."

ಜೈಭೀಮ ಅವನ ಸ್ವಂತ ಮಗ. ಅವನೇ ಬೇಡ ಅಂದಿದ್ದಾನೆ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಕೊಂಕಲ್ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕ ವರ್ಷ ಅವನು ನಮ್ಮ ಚರ್ಚು ಬಿಟ್ಟು ಧಮ್ಮಕ್ಕೆ ಹೋದವನು. "ಚರ್ಚಿನಾಗ ತಿಮೊಥಿ, ಜಾತಿ ಸರ್ಟಿಫಿಕೇಟಿನಾಗ ತಾಯಪ್ಪ. ಒಬ್ಬ ಮನಷ್ಯಾಗ ಎರಡು ಮಾರಿ ಬ್ಯಾಡ" ಎಂದು ಹೇಳಿ ಹೋದ. ಹದಿನೆಂಟು ವರ್ಷವಾಯಿತು. ಹಬ್ಬಕ್ಕೆ ಹೋಳಿಗೆ ಅತ್ತ ಇತ್ತ ಹೋಗುತ್ತದೆ, ದೇವರ ಮಾತು ಬಂದರೆ ಇಬ್ಬರಲ್ಲೊಬ್ಬರು ಎದ್ದು ಹೋಗುತ್ತೇವೆ.

ಅವನು ಬುದ್ಧನ ಕಡೆ ಹೋದ. ನೀನು ಕ್ಯಾಥೊಲಿಕರ ಕಡೆ ಹೋದೆ. ನಾನು ಉಳಿದ ಚರ್ಚಿಗೆ ಈಗ ಗೋಡೆಯಿಲ್ಲ.

ನಿನ್ನ ಪತ್ರದ ತುಂಬ "ಪ್ರಭು" ಎಂದು ಬರೆದಿದ್ದೀಯ. ನಮ್ಮ ಮನೆಯಲ್ಲಿ "ಕರ್ತನು" ಎನ್ನುತ್ತಿದ್ದೆವು. ಊಟ ಸರಿಯಾಗಿ ಮಾಡು.

ನಿನ್ನ ಅವ್ವ,
ಸುಂದ್ರಮ್ಮ


ಮೈಸೂರು
18 ಆಗಸ್ಟ್ 2024

ಅವ್ವಾ,

ನಿನ್ನ ಅಕ್ಷರ ಕಂಡ ಕೂಡಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಓದಿದೆ. ಕೈ ಒದ್ದೆಯಾಗಿತ್ತು, ಒಂದೆರಡು ಸಾಲು ಅಳಿಸಿಹೋಗಿವೆ. ಆದರೂ ಗೋಡೆಯ ಸಾಲು ಉಳಿದಿದೆ.

ಆ ಗೋಡೆಯ ಹತ್ತಿರವೇ ಅಲ್ಲವೇ ಅಪ್ಪ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾರ್ಮೋನಿಯಂ ತಿದಿ ಒತ್ತಿಸುತ್ತಿದ್ದದ್ದು. ಇಲ್ಲಿ ನಾನು ಪಾತ್ರೆ ತೊಳೆಯುವಾಗ ನಿನ್ನ ಕೀರ್ತನೆಗಳನ್ನು ಗುನುಗುತ್ತೇನೆ. ನಮ್ಮನ್ನು ನೋಡಿಕೊಳ್ಳುವ ಸಿಸ್ಟರ್ ಫಿಲೋಮಿನಾ ಕೇಳಿಸಿಕೊಂಡು, ಮುಂದಿನ ಹಬ್ಬದಲ್ಲಿ ಅದನ್ನೇ ಹಾಡು ಎಂದರು. ಹಬ್ಬದ ದಿನ ಎದ್ದು ನಿಂತೆ. ಮೊದಲ ಸಾಲು ದಾಟಲಿಲ್ಲ. ಕೂತುಬಿಟ್ಟೆ.

ನನ್ನ ಜೊತೆಯಲ್ಲಿ ಮಂಗಳೂರಿನ ಒಬ್ಬ ಹುಡುಗಿ ಇದ್ದಾಳೆ. ಬಲು ಒಳ್ಳೆಯವಳು. ಮೊನ್ನೆ ತರಕಾರಿ ಹೆಚ್ಚುತ್ತ, "ಕ್ರೈಸ್ತಳಾಗುವ ಮುಂಚೆ ನೀನು ಏನಾಗಿದ್ದೆ?" ಎಂದು ಕೇಳಿದಳು. ಕ್ರೈಸ್ತಳೇ ಆಗಿದ್ದೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅಜ್ಜನ ಕಾಲದಿಂದಲೂ ಎಂದೆ. ಹಾಗಾದರೆ ಇಲ್ಲಿಗೆ ಯಾಕೆ ಬಂದೆ ಎಂದಳು. ಯಾದಗಿರಿಯ ಸಿಸ್ಟರುಗಳ ದವಾಖಾನೆಯಲ್ಲಿ ಕೆಲಸಕ್ಕಿದ್ದಾಗ ಅವರು ಕುಷ್ಠದ ಗಾಯ ತೊಳೆಯುತ್ತಿದ್ದುದನ್ನೂ, ಆಮೇಲೆ ಹೋಗಿ ಸುಮ್ಮನೆ ಮಂಡಿಯೂರುತ್ತಿದ್ದುದನ್ನೂ ಹೇಳಿದೆ. ಹೇಳುತ್ತ ಹೋದಂತೆ ನನಗೇ ಅದು ಸಾಲದೆನಿಸಿತು. ಉತ್ತರ ಸರಿಯಿತ್ತು, ಆದರೆ ಅದು ನಿನಗೆ ಹೇಳಬೇಕಾದ ಉತ್ತರ, ಅವಳಿಗಲ್ಲ.

ವಿಹಾರಕ್ಕೆ ಹೋಗು ಅವ್ವಾ. ಮಾವ ಹೊಸ್ತಿಲಲ್ಲಿ ನಿಂತು ಕರೆದಿದ್ದಾನೆಂದರೆ ಎಷ್ಟು ದಿನ ಯೋಚಿಸಿರಬೇಕು. ಜೈಭೀಮನ ಸಿಟ್ಟು ಬಹಳ ದಿನ ನಿಲ್ಲುವುದಲ್ಲ. ನಾನೂ ಅವನೂ ಒಂದೇ ತಾಟಿನಲ್ಲಿ ಉಂಡವರು.

ಬರುವ ಮೇ 31ಕ್ಕೆ ಸಿಸ್ಟರಾಗಿ ನನ್ನ ಮೊದಲ ವ್ರತ. ಮನೆಯವರನ್ನು ಕರೆಯಬಹುದು ಎಂದಿದ್ದಾರೆ. ಈಗಲೇ ಉತ್ತರ ಕೊಡಬೇಡ. ಕೊಟ್ಟರೆ ಬರುವುದಿಲ್ಲ ಅನ್ನುತ್ತೀಯ.

ಕೈ ಒಣಗುವುದರೊಳಗೆ ಇಷ್ಟು ಬರೆದ,
ಕೃಪಾ


ರಂಗಂಪೇಟೆ
16 ಸೆಪ್ಟೆಂಬರ್ 2024

ಕೃಪಾ,

ಹೋದೆವು. ನೀನು ಹೇಳಿದ್ದಕ್ಕಲ್ಲ, ಮಳೆ ಬಿಡದ್ದಕ್ಕೆ.

ಒಳಗೆ ಹೊಕ್ಕರೆ ಎದುರಿಗೇ ಬುದ್ಧ. ಬಿಳಿ ಕಲ್ಲಿನದು, ಆಳೆತ್ತರ. ಪಕ್ಕದಲ್ಲಿ ಬಾಬಾಸಾಹೇಬರ ಫೋಟೊ. ಪಾಸ್ಟರ್ ಬಾಗಿಲಲ್ಲೇ ನಿಂತರು. ಒಳಗೆ ಬರಲಿಲ್ಲ. ಮೊದಲನೆಯ ವಾರ ಹಾಗೇ ಬಾಗಿಲಲ್ಲಿ ನಿಂತೇ ಪ್ರಸಂಗ ಮಾಡಿದರು. ನಾವು ಅವರ ಕಡೆ ತಿರುಗಿ ಕೂತೆವು. ಎರಡನೆಯ ವಾರಕ್ಕೆ ಮುಂಚೆ ಮನೆಗೆ ಬಂದು, "ಸುಂದ್ರಮ್ಮ, ಒಂದು ದೊಡ್ಡ ಬಟ್ಟಿ ಬೇಕಾಗಿತ್ತರಿ" ಎಂದರು. ಯಾಕೆಂದು ನಾನು ಕೇಳಲಿಲ್ಲ. ಗೊತ್ತಾಗಿತ್ತು. ನನ್ನ ಮದುವೆಯ ಚಾದರವನ್ನೇ ಕೊಟ್ಟೆ. ಹಿರಿಯರಿಬ್ಬರು ಸ್ಟೂಲಿನ ಮೇಲೆ ನಿಂತು ಬುದ್ಧನಿಗೆ ತಲೆಯಿಂದ ಪಾದದವರೆಗೆ ಹೊದಿಸಿದರು. ಪಾಸ್ಟರ್ ಒಳಗೆ ಬಂದು ಅದರ ಮುಂದೆ ನಿಂತು ಚೆನ್ನಾಗಿಯೇ ಪ್ರಾರ್ಥನೆ ಮಾಡಿದರು. ನನಗೆ ಮಾತ್ರ ಕಣ್ಣು ಮುಚ್ಚಲಾಗಲಿಲ್ಲ. ಬಟ್ಟೆಯ ಕೆಳಗೆ ಯಾರೋ ಉಸಿರು ಬಿಗಿಹಿಡಿದು ಕೂತಂತೆ ಕಾಣುತ್ತಿತ್ತು.

ಎರಡು ವಾರ ಹೀಗೇ ನಡೆಯಿತು. ಆರಾಧನೆ ಮುಗಿದ ಮೇಲೆ ಬಟ್ಟೆ ತೆಗೆದು, ಮಡಿಸಿ, ಮನೆಗೆ ತರುತ್ತಿದ್ದೆ. ನಿನ್ನೆ ಬಟ್ಟೆ ತೆಗೆಯುವ ಮುಂಚೆಯೇ ತಾಯಪ್ಪ ಬಂದ. ಯಾವುದೋ ಟ್ಯೂಬ್‌ಲೈಟು ಹಾಕಿಸಲು ಎಲೆಕ್ಟ್ರಿಷಿಯನ್ನನ್ನು ಕರೆದುಕೊಂಡು ಬಂದಿದ್ದ. ನೋಡಿದ. ಎಲೆಕ್ಟ್ರಿಷಿಯನ್ನನಿಗೆ, "ನಾಳಿ ಬಾರಪ್ಪ" ಎಂದು ಹೇಳಿ ಹೊರಟುಹೋದ. ಹಿಂದೆಯೇ ಜೈಭೀಮ ಬಂದ.

"ಅತ್ತಿ, ನಿಮ್ಮ ಮನಿಗಿ ನಾ ಬಂದ್ರ ನಿಮ್ಮ ಯೇಸುನ ಫೋಟೊಕ್ಕ ಟವೆಲ್ ಹಾಕ್ತೀನೇನು?"

"ಇಲ್ಲಪ್ಪ."

"ಮತ್ತ?"

ನಾನು ಚಾದರ ಎಳೆದು ಮಡಿಸತೊಡಗಿದೆ. ಪಾಸ್ಟರ್ ಏನೋ ಹೇಳಹೋದರು. ಅವನು ಕೇಳಿಸಿಕೊಳ್ಳಲಿಲ್ಲ. ಈ ಹೊತ್ತು ವಿಹಾರದ ಗೇಟಿಗೆ ಕೀಲಿ ಬಿದ್ದಿದೆ.

ನಮ್ಮವರು ಎರಡು ಪಾಲಾಗಿದ್ದಾರೆ. ಕೆಲವರು, ಹೊದಿಸಿದ್ದೇ ಸರಿ, ಬೇರೆ ದೇವರು ಕೂಡದೆಂಬುದೇ ಮೊದಲನೆಯ ಆಜ್ಞೆ ಅನ್ನುತ್ತಾರೆ. ಕೆಲವರು ಪೆಂತೆಕೋಸ್ತಿನ ಕಡೆ ನಡೆದಿದ್ದಾರೆ. ಅಲ್ಲಿ ಫ್ಯಾನಿದೆ, ಮೂರ್ತಿಯಿಲ್ಲ. ನಾನು ಇಡೀ ದಿನ ಅಂಗನವಾಡಿಯಲ್ಲಿ ಮಕ್ಕಳ ಮೇಲೆ ರೇಗಿದೆ. ನನ್ನ ಸಹಾಯಕಿ ಶರೀಫಾಬೀ, "ಇವತ್ತ ನೀವು ಮನಿಗಿ ಹೋಗ್ರಿ ಬಾಯಿ, ನಾ ನೋಡ್ಕೋತೀನಿ" ಎಂದು ಕಳಿಸಿದಳು. ಮನೆಗೆ ಬಂದರೆ ಮನೆಯಲ್ಲೂ ಕೂರಲಾಗುತ್ತಿಲ್ಲ.

ವ್ರತದ ಮಾತು ಆಮೇಲೆ.

ಸುಂದ್ರಮ್ಮ


ಮೈಸೂರು
13 ಅಕ್ಟೋಬರ್ 2024

ಅವ್ವಾ,

ನಿನ್ನ ಪತ್ರ ಓದಿ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಒಂದು ಪತ್ರ ಬರೆದು ಹರಿದೆ. ಇದು ಎರಡನೆಯದು.

ಯಾದಗಿರಿಯಲ್ಲಿ ನನ್ನನ್ನು ಕ್ಯಾಥೊಲಿಕ್ ಸಭೆಗೆ ಸೇರಿಸಿಕೊಂಡ ದಿನ ನೀನು ಬಂದಿದ್ದೆ. ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆ. ಒಳಗೆ ಬರಲಿಲ್ಲ. ಅಲ್ಲಿ ಏನಾಯಿತೆಂದು ನೀನು ಎಂದೂ ಕೇಳಲಿಲ್ಲ, ನಾನು ಹೇಳಲೂ ಇಲ್ಲ. ನೀನು ಅಂದುಕೊಂಡಂತೆ ನನಗೆ ಮತ್ತೆ ದೀಕ್ಷಾಸ್ನಾನ ಕೊಡಲಿಲ್ಲ ಅವ್ವಾ. ಫಾದರ್ ವಲೇರಿಯನ್, "ನಿನ್ನ ತಾಯಿ ತಂದೆ ಕೊಡಿಸಿದ್ದೇ ಸಾಕು, ಅದು ಒಂದೇ ಸಾರಿ ಆಗುವಂಥದ್ದು" ಎಂದರು. ಕೂಸಿದ್ದಾಗ ರಂಗಂಪೇಟೆಯ ಆ ಚರ್ಚಿನಲ್ಲಿ ನನ್ನ ತಲೆಯ ಮೇಲೆ ಬಿದ್ದ ನೀರೇ ಈಗಲೂ ನನ್ನದು.

ಆದರೆ ನಿನ್ನ ಚರ್ಚಿನ ಭೋಜನಕ್ಕೆ ನಾನು ಇನ್ನು ಕೈ ಚಾಚುವಂತಿಲ್ಲ, ನನ್ನ ಚರ್ಚಿನದಕ್ಕೆ ನೀನು ಚಾಚುವಂತಿಲ್ಲ. ನೀರು ಒಂದೇ, ರೊಟ್ಟಿ ಬೇರೆ. ಇದನ್ನು ಸಿಸ್ಟರ್ ಫಿಲೋಮಿನಾರ ಮುಂದೆ ಹೇಳಿ, ಇದು ಎಂಥ ಮನೆ ಎಂದು ಕೇಳಿದೆ. ಅವರು ಬೈಯಲಿಲ್ಲ. "ನನಗೂ ನೋವಿದೆ. ನೋವಿದೆ ಎಂದು ಮೇಜನ್ನು ಒಡೆಯಲಾಗುವುದಿಲ್ಲ, ಇಲ್ಲವೆಂದು ನಟಿಸಲೂ ಆಗುವುದಿಲ್ಲ" ಎಂದರು. ಒಂದು ವಾರದಿಂದ ಆ ಮಾತನ್ನು ಹಿಡಿದುಕೊಂಡು ತೋಟದಲ್ಲಿ ತಿರುಗುತ್ತಿದ್ದೇನೆ. ಸಮಾಧಾನವಿಲ್ಲ.

ಮಾವನ ಮನೆಗೆ ಹೋಗು. ಪಾಸ್ಟರ್ ಹೋಗುವವರೆಗೆ ಕಾಯಬೇಡ. ಚಾದರ ಪಾಸ್ಟರದಲ್ಲ.

ಕೃಪಾ


ರಂಗಂಪೇಟೆ
24 ನವೆಂಬರ್ 2024

ಕೃಪಾ,

ಚಾದರದ ಮಾತು ಚುಚ್ಚಿತು. ಚುಚ್ಚಿದ ಮೇಲೆಯೇ ಎದ್ದು ಹೋದೆ.

ತಾಯಪ್ಪ ಅಂಗಳದಲ್ಲಿ ಮಕ್ಕಳ ಪೇಪರು ತಿದ್ದುತ್ತಿದ್ದ. ಕುರ್ಚಿ ಕೊಟ್ಟ. ಬಹಳ ಹೊತ್ತು ಪೇಪರೇ ತಿದ್ದಿದ. ನಾನೇ ಬಾಯಿ ತೆಗೆದೆ.

"ನಿನ್ನ ಬುದ್ಧಗ ಅವಮಾನ ಮಾಡಬೇಕಂತ ಹೊಚ್ಚಿಲ್ಲೋ."

"ಬುದ್ಧಗೇನು ಅವಮಾನ ಅಕ್ಕಾ, ಅವಂಗ ಚಾದರ ಹೊಚ್ಚಿದ್ರೂ ಅಷ್ಟ, ಶಾಲು ಹೊಚ್ಚಿದ್ರೂ ಅಷ್ಟ. ನೀವು ಹೊಚ್ಚಿದ್ದು ನನ್ನ ಮಾರಿಗಿ. ಹದಿನೆಂಟು ವರ್ಷ ಆತು ನೀ ನನ್ನ ಹಾಂಗ ನೋಡಾಕತ್ತಿ. ತಮ್ಮ ಅದಾನ, ಆದ್ರ ಅವನ ಒಂದು ಕಡಿ ಮುಚ್ಚಿ ನೋಡಬೇಕು."

ನಾನು ಎದ್ದು ಬರಬೇಕೆಂದಿದ್ದೆ. ಯಾವಾಗಲೂ ಹಾಗೇ ಮಾಡುತ್ತಿದ್ದೆ. ಈ ಸಾರಿ ಕೂತೆ. "ನೀ ಹೋದಾಗ ನನಗ ಏನಾತು ಅಂತ ನೀನೂ ಕೇಳಿಲ್ಲ" ಎಂದೆ. ಅವನು ಪೆನ್ನು ಕೆಳಗಿಟ್ಟ. "ಹೇಳು" ಎಂದ. ಹೇಳಿದೆ. ಎಲ್ಲ ಇಲ್ಲಿ ಬರೆಯಲಾಗುವುದಿಲ್ಲ. ಅವನ ಹೆಂಡತಿ ಎರಡು ಸಾರಿ ಚಹಾ ಬಿಸಿ ಮಾಡಿದಳು.

ಆಮೇಲೆ ಒಂದು ಸಭೆ ಕೂಡಿಸಿದೆವು, ಅವರ ಅಂಗಳದಲ್ಲೇ. ನಮ್ಮ ಪಾಸ್ಟರ್ ಬಂದರು. ಫಾದರ್ ವಲೇರಿಯನ್ ಯಾದಗಿರಿಯಿಂದ ಬೈಕಿನ ಮೇಲೆ ಮೈಯೆಲ್ಲ ಧೂಳಾಗಿ ಬಂದರು. ಬಿಷಪ್ಪರು ಒಪ್ಪಿದ್ದಾರೆ, ಶಹಾಪುರದ ನಮ್ಮ ಸಭಾಂಗಣದಲ್ಲಿ ನೀವು ನಿಮ್ಮ ಪದ್ಧತಿಯಂತೆಯೇ ಆರಾಧನೆ ಮಾಡಬಹುದು ಎಂದರು. ನಮ್ಮ ಮುದುಕಿಯರು ಪ್ರತಿ ವಾರ ಶಹಾಪುರಕ್ಕೆ ಹೇಗೆ ಹೋಗಬೇಕು? ಅದನ್ನು ಕೇಳಿದಾಗ ಪಾಪ, ಅವರು ತಲೆ ಕೆರೆದುಕೊಂಡರು. ಆದರೆ ಎದ್ದು ಹೋಗಲಿಲ್ಲ, ಕೊನೆಯವರೆಗೂ ಕೂತರು. ಪೆಂತೆಕೋಸ್ತಿನವರಿಗೂ ಹೇಳಿಕಳಿಸಿದ್ದೆವು. ಬರಲಿಲ್ಲ.

ತಾಯಪ್ಪ ಹೇಳಿದ್ದು ಒಂದೇ ಮಾತು. "ಕೀಲಿ ತೆಗಿತೀನ್ರಿ. ಬಟ್ಟಿ ಮಾತ್ರ ಬ್ಯಾಡ."

ಪಾಸ್ಟರ್ ಹೇಳಿದರು: "ನಮ್ಮ ಅಜ್ಜ ಮೂರ್ತಿಗಿ ಕೈ ಮುಗಿಯೂದಿಲ್ಲ ಅಂದದ್ದಕ್ಕ ಊರಾಗ ನೀರು ಬಂದ್ ಮಾಡಿದ್ರರಿ. ಊರ ಬಿಟ್ಟು ಬಂದಾನ. ಅವನ ಮೊಮ್ಮಗ ನಾ, ಮೂರ್ತಿ ಮುಂದ ನಿಂತು ಹ್ಯಾಂಗ ರೊಟ್ಟಿ ಮುರೀಲಿ?"

ಆ ಮಾತಿಗೆ ಜೈಭೀಮನೇ ಎದ್ದು ಹೋಗಿ ನೀರು ತಂದುಕೊಟ್ಟ. ನೀರು ಬಂದ್ ಮಾಡಿಸಿಕೊಂಡವರ ಮೊಮ್ಮಕ್ಕಳೇ ಅಲ್ಲವೇ ಅಲ್ಲಿ ಕೂತವರು ಹೆಚ್ಚಿನವರು. ಕಡೆಗೆ ತಾಯಪ್ಪ, "ನಾವು ಬುದ್ಧನ್ನ ದೇವರು ಅನ್ನೂದಿಲ್ಲರಿ. ನಮ್ಮನ್ನ ಮನಷ್ಯಾರು ಅಂದಾವ ಅಂತೀವಿ" ಎಂದ. ಪಾಸ್ಟರ್ ಕೈ ಮುಗಿದು ಎದ್ದರು. ಹೂಂ ಅನ್ನಲಿಲ್ಲ. ಸಭೆ ಮುಗಿಯಿತು.

ಈಗ ನಮ್ಮ ಮನೆಯಲ್ಲೇ ಆರಾಧನೆ. ಎಷ್ಟು ಒತ್ತಿ ಕೂತರೂ ಅರ್ಧ ಜನ ಅಂಗಳದಲ್ಲಿ. ಬರುವವರು ವಾರವಾರ ಕಡಿಮೆಯಾಗುತ್ತಿದ್ದಾರೆ.

ನಿನ್ನ ಚರ್ಚಿನ ಗೇಟಿನ ಹೊರಗೆ ನಾನು ನಿಂತದ್ದು ನಿಜ. ಮರ ಬೇವಿನದಲ್ಲ, ಹುಣಸೆಯದು.

ಅವ್ವ


ರಂಗಂಪೇಟೆ
27 ಡಿಸೆಂಬರ್ 2024

ಕೃಪಾ,

ನಿನ್ನ ಪತ್ರ ಬರಲಿಲ್ಲ. ಒಂದು ತಿಂಗಳು ತಪ್ಪಿಸಿದವಳಲ್ಲ ನೀನು. ಕಾನ್ವೆಂಟಿಗೆ ಫೋನು ಮಾಡಿದರೆ ಆರೋಗ್ಯವಾಗಿದ್ದಾಳೆ ಎಂದಷ್ಟೇ ಹೇಳಿದರು. ಆರೋಗ್ಯವಾಗಿದ್ದರೆ ಯಾಕೆ ಬರೆಯಲಿಲ್ಲ?

ಕ್ರಿಸ್ಮಸ್ಸಿಗೆ ನನ್ನ ಮನೆಯ ಅಂಗಳ ಸಾಲುತ್ತಿರಲಿಲ್ಲ. ಪಾಸ್ಟರಿಗೆ ಹೇಳಿದೆ: ನಾನು ವಿಹಾರದಲ್ಲಿ ಹಾಡುತ್ತೇನೆ, ಬರುವವರು ಬರಲಿ, ಬಟ್ಟೆ ತರುವುದಿಲ್ಲ. ಅವರು, "ಕರ್ತನ ಭೋಜನ ನಾ ಅಲ್ಲಿ ಕೊಡಾಂಗಿಲ್ಲ" ಎಂದರು. ಬೇಡ, ಹಾಡುತ್ತೇವಷ್ಟೇ ಎಂದೆ. ಪಾಸ್ಟರಿಗೆ ಎದುರು ಮಾತಾಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಹಬ್ಬದ ಮುಂಜಾನೆ ತಾಯಪ್ಪ ಕೀಲಿ ತೆಗೆದ. ನಾವು ಇಪ್ಪತ್ತು ಮಂದಿ ಇರಬಹುದು. ಶರೀಫಾಬೀ ಮೊಮ್ಮಗಳು ಗುಡ್ಡಿಯನ್ನು ಕರೆದುಕೊಂಡು ಬಂದು ಚಪ್ಪಲಿಗಳ ಹತ್ತಿರ ನಿಂತಳು. ಒಳಗೆ ಬಾ ಎಂದರೆ, "ಕೇಳಾಕ ಬಂದೀನಿ, ಇಲ್ಲಿಂದ ಚಲೋ ಕೇಳಸ್ತದ" ಎಂದಳು. ನಾನು ಬುದ್ಧನ ಪಕ್ಕದ ಗೋಡೆಗೆ ನಿಂತೆ. ಅವನಿಗೆ ಬೆನ್ನೂ ಇಲ್ಲ, ಮುಖವೂ ಇಲ್ಲ, ಪಕ್ಕದಲ್ಲಿ ನೆರೆಯವರು ನಿಂತ ಹಾಗೆ. ಹಾಡತೊಡಗಿದೆವು.

ಎರಡನೆಯ ಕೀರ್ತನೆಯಲ್ಲಿ ಇಬ್ಬರು ಪೇದೆಗಳು ಬಂದರು. ಯಾರೋ ಫೋನು ಮಾಡಿ, ವಿಹಾರದಲ್ಲಿ ಬೌದ್ಧರನ್ನು ಮತಾಂತರ ಮಾಡುತ್ತಿದ್ದಾರೆ ಎಂದು ಹೇಳಿದ್ದಾರಂತೆ. ಹಾಡು ನಿಂತಿತು. ಒಂದು ಕೂಸು ಅಳಲು ಶುರುಮಾಡಿತು.

ತಾಯಪ್ಪ ಬಾಗಿಲಿಗೆ ಹೋದ. "ಜಾಗಾ ಕೊಟ್ಟಾವ ನಾನರಿ. ನಾ ಬೌದ್ಧ. ಅಲ್ಲಿ ಹಾಡಾಕತ್ತಾಕಿ ನಮ್ಮ ಅಕ್ಕ. ಹುಟ್ಟಿದಾಗಿಂದ ಆಕಿ ಹಾಡು ಕೇಳೀನಿ, ಇನ್ನತನಕ ಬೌದ್ಧನೇ ಅದೀನಿ."

ಒಬ್ಬ ಪೇದೆಗೆ ನಗು ಬಂತು. ಇನ್ನೊಬ್ಬ ಗಂಭೀರವಾಗಿಯೇ, "ಅದು ಸರಿ ಸರ್, ಆದ್ರ ನೀವು ಸರಕಾರಿ ನೌಕರಿಯಾಗ ಇದ್ದೀರಿ. ವಿಚಾರ ಮಾಡ್ರಿ" ಎಂದ. ನಂತರ, "ಪಾಸ್ಟರ್ ಯಾರು?" ಎಂದು ಕೇಳಿದ.

ನಾನೇ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಎದುರಿನ ರೇವಣಸಿದ್ದನ ಕಿರಾಣಿ ಅಂಗಡಿಯ ಕಟ್ಟೆಯಿಂದ ಪ್ರಭುದಾಸ ಇಳಿದು ಬಂದರು. ಯಾವಾಗಿನಿಂದ ಅಲ್ಲಿ ಕೂತಿದ್ದರೋ. "ಪಾಸ್ಟರ್ ನಾನರಿ. ಇವರು ನಮ್ಮ ಸಭಾದವರು" ಎಂದರು. ಅವರು ಸುಮ್ಮನೆ ಅಲ್ಲೇ ಕೂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೇದೆ ಹೆಸರು ಬರೆದುಕೊಂಡ. ಆಗ ಜೈಭೀಮ ಮುಂದೆ ಬಂದು, "ಹೆಸರು ಬರಕೊಳ್ಳೂದಿದ್ರ ನಂದೂ ಬರಕೊಳ್ರಿ. ಕೀಲಿ ನನ್ನ ಕಡೆನೇ ಇರ್ತದ" ಎಂದ. ರೇವಣಸಿದ್ದ ಅಂಗಡಿಯಿಂದಲೇ, "ಇವರು ಹಾಡಿದ್ರ ಓಣಿಗಿ ಏನೂ ತ್ರಾಸ ಇಲ್ಲ ಬಿಡ್ರಿ ಸಾಹೇಬ್ರ" ಎಂದು ಕೂಗಿದ.

ಅವರು ಹೋದ ಮೇಲೆ ಪಾಸ್ಟರ್ ಚಪ್ಪಲಿ ಬಿಟ್ಟು ಒಳಗೆ ಬಂದರು. ಬುದ್ಧನ ಕಡೆ ನೋಡಲಿಲ್ಲ. ಯೇಸು ಹುಟ್ಟಿದ ರಾತ್ರಿಯ ಕುರುಬರ ಕಥೆ ಓದಿದರು. ಭೋಜನ ಕೊಡಲಿಲ್ಲ. "ಅದು ಇವತ್ತ ಆಗೂದಿಲ್ಲರಿ. ಪ್ರಾರ್ಥನಿ ಮಾಡ್ರಿ ನನಗೋಸ್ಕರ" ಎಂದರು. ಪಾಸ್ಟರೊಬ್ಬರು ಹಾಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ.

ತಾಯಪ್ಪನ ನೌಕರಿಯ ಚಿಂತೆ ಹತ್ತಿದೆ. ಅವನು ನಗುತ್ತಾನೆ. ನನಗೆ ನಗು ಬರುವುದಿಲ್ಲ. ನೀನು ಬರೆ.

ಅವ್ವ


ಮೈಸೂರು
16 ಫೆಬ್ರವರಿ 2025

ಅವ್ವಾ,

ಡಿಸೆಂಬರಿನಲ್ಲಿ ನಾನು ಪೆಟ್ಟಿಗೆ ಕಟ್ಟಿದ್ದೆ. ಅದಕ್ಕೇ ಬರೆಯಲಿಲ್ಲ. ಪತ್ರದ ಬದಲು ನಾನೇ ಬಂದು ನಿನ್ನ ಮುಂದೆ ನಿಲ್ಲುತ್ತೇನೆ, ಅವ್ವನಿಗೆ ಸಂತೋಷವಾದೀತು ಅಂದುಕೊಂಡೆ. ನೀನು ಒಬ್ಬಳೇ ಆ ಕಡಿಮೆಯಾಗುತ್ತಿರುವ ಜನರ ನಡುವೆ ಹಾಡುತ್ತಿರುವಾಗ ನಾನಿಲ್ಲಿ ಮೇಣದಬತ್ತಿಯ ಮುಂದೆ ಕೂತು ಏನು ಮಾಡುತ್ತಿದ್ದೇನೆ ಎಂದು ಒಂದೇ ಸಮನೆ ಕೊರೆಯುತ್ತಿತ್ತು.

ಸಿಸ್ಟರ್ ಫಿಲೋಮಿನಾ ತಡೆಯಲಿಲ್ಲ. ಟಿಕೆಟ್ ತರಿಸಿಕೊಡಲೇ ಎಂದು ಕೇಳಿದರು. "ಅಮ್ಮನಿಗಾಗಿ ಹೋಗುತ್ತಿದ್ದೀಯೋ, ಅಮ್ಮನ ಹೆಸರಿನಲ್ಲಿ ಇಲ್ಲಿಂದ ಹೋಗುತ್ತಿದ್ದೀಯೋ?" ಎಂದರು. ಉತ್ತರ ಹುಡುಕುತ್ತಿರುವಾಗಲೇ ನಿನ್ನ ಕ್ರಿಸ್ಮಸ್ಸಿನ ಪತ್ರ ಬಂತು. ನೀನು ಪಕ್ಕದ ಗೋಡೆಗೆ ನಿಂತ ಸಾಲು ಓದಿದೆ. ನೀನು ಯಾರನ್ನೂ ಬಿಡದೆ, ನಿನ್ನದನ್ನೂ ಬಿಡದೆ ಅಲ್ಲಿ ನಿಂತಿದ್ದೀಯ. ಹಾಗಾದರೆ ನಾನು ಇಲ್ಲಿ ನಿಲ್ಲಬಹುದು ಅನ್ನಿಸಿತು.

ನಾನು ಬರುವುದಿಲ್ಲ ಅವ್ವಾ. ಉಳಿಯುತ್ತೇನೆ. ಈ ಸಾಲನ್ನು ಬರೆಯಲು ಒಂದೂವರೆ ತಿಂಗಳು ಹಿಡಿಯಿತು. ಓದಿ ನಿನಗೆ ನೋವಾದರೆ, ಆ ನೋವು ನನ್ನಿಂದಲೇ ಆದದ್ದು, ಕಾನ್ವೆಂಟಿನಿಂದಲ್ಲ.

ನೀನು ಬಾ. ಮಾವನನ್ನೂ ಕರೆದುಕೊಂಡು ಬಾ. ಗೇಟಿನ ಒಳಗೆ.

ಉಳಿದವಳು,
ಕೃಪಾ


ಮೈಸೂರು
8 ಜೂನ್ 2025

ಅವ್ವಾ,

ನೀವು ಬಂದು ಹೋಗಿ ವಾರವಾಯಿತು. ಅವತ್ತು ಜನರ ನಡುವೆ ಮಾತಾಡಲಾಗಲಿಲ್ಲ. ನೀನು ತಂದ ಶೇಂಗಾ ಹೋಳಿಗೆಯನ್ನು ಎಲ್ಲರಿಗೂ ಹಂಚಿ ಮುಗಿಯುವಷ್ಟರಲ್ಲಿ ನಿಮ್ಮ ರೈಲಿನ ಹೊತ್ತಾಗಿತ್ತು.

ನನಗೆ ವ್ರತದ ಮಾತುಗಳು ಸರಿಯಾಗಿ ನೆನಪಿಲ್ಲ. ನೆನಪಿರುವುದು ಆಮೇಲಿನದು. ಪರಮಪ್ರಸಾದಕ್ಕೆ, ನಮ್ಮ ಆ ಬೇರೆ ರೊಟ್ಟಿಗೆ, ಎಲ್ಲರೂ ಎದ್ದರು. ಬೆಂಚುಗಳು ಒಂದೊಂದೇ ಖಾಲಿಯಾದವು. ನಾನು ಸ್ವೀಕರಿಸಿ ತಿರುಗಿದಾಗ ಇಡೀ ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಇಬ್ಬರು ಕೂತಿದ್ದರು. ನೀನು ಸೆರಗು ಹೊದ್ದು ನೇರವಾಗಿ, ಮಾವ ನಿನ್ನ ಪಕ್ಕದಲ್ಲಿ ತೊಡೆಯ ಮೇಲೆ ಕೈಯಿಟ್ಟುಕೊಂಡು.

ಆ ಗಳಿಗೆಯಲ್ಲಿ ಸಾಲು ಬಿಟ್ಟು ಬಂದು ನಿಮ್ಮಿಬ್ಬರ ನಡುವೆ ಕೂತುಬಿಡಬೇಕು ಅನ್ನಿಸಿತು. ಬಾಯಲ್ಲಿ ಪ್ರಸಾದ ಇನ್ನೂ ಕರಗಿರಲಿಲ್ಲ. ಬರಲಿಲ್ಲ. ನನ್ನ ಜಾಗಕ್ಕೆ ಹೋಗಿ ಮಂಡಿಯೂರಿದೆ. ಕಣ್ಣು ಮುಚ್ಚಿದರೂ ಆ ಬೆಂಚೇ ಕಾಣುತ್ತಿತ್ತು. ಅದಾದ ಮೇಲೆ ಒಂದು ದಿನವೂ ಅದು ಕಾಣದೆ ಪ್ರಾರ್ಥನೆ ಮುಗಿದಿಲ್ಲ.

ನಿನಗೆ ಏನನ್ನಿಸಿತು? ನಿಜ ಹೇಳು.

ಕೃಪಾ


ರಂಗಂಪೇಟೆ
22 ಜೂನ್ 2025

ಕೃಪಾ,

ಮೊದಲು ಇಲ್ಲಿಯ ಸುದ್ದಿ. ತಾಯಪ್ಪನಿಗೆ ಇಲಾಖೆಯಿಂದ ನೋಟೀಸು ಬಂದಿದೆ, ಕ್ರಿಸ್ಮಸ್ಸಿನ ಹಾಡಿನ ಬಗ್ಗೆ ವಿವರಣೆ ಕೇಳಿದ್ದಾರೆ. ಪಾಸ್ಟರ್ ಪ್ರಭುದಾಸ ತಾವೇ ಅವನ ಜೊತೆ ಕಚೇರಿಗೆ ಹೋಗಿ ಬಂದರು. ಫಾದರ್ ವಲೇರಿಯನ್ ಬರುವ ವಾರ ಹೋಗುತ್ತಾರಂತೆ. ಏನಾಗುತ್ತದೋ ಗೊತ್ತಿಲ್ಲ. ಚರ್ಚಿನ ಗೋಡೆ ಕಿಟಕಿಯವರೆಗೆ ಎದ್ದಿದೆ. ಅದು ಮುಗಿಯುವವರೆಗೆ ನಮ್ಮ ಆರಾಧನೆ ವಿಹಾರದಲ್ಲೇ. ಹೋದವರಲ್ಲಿ ಕೆಲವರು ತಿರುಗಿ ಬಂದರು, ಕೆಲವರು ಬರಲಿಲ್ಲ. ಕಳೆದ ಭಾನುವಾರ ಪಾಸ್ಟರ್ ವಿಹಾರದಲ್ಲೇ ರೊಟ್ಟಿ ಮುರಿದರು. ಹೇಗೆ ಮನಸ್ಸು ಮಾಡಿದರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೊಡುವಾಗ ಅಳುತ್ತಿದ್ದರು.

ಇನ್ನು ನೀನು ಕೇಳಿದ್ದು.

ರೈಲಿನಲ್ಲಿ ತಾಯಪ್ಪನೂ ಅದನ್ನೇ ಕೇಳಿದ. "ಅಕ್ಕಾ, ನೀ ಸಾಲಿನಾಗ ಹೋಗಿದ್ರ ಯಾರು ಗುರ್ತು ಹಿಡೀತಿದ್ರು?"

"ಯಾರೂ ಹಿಡೀತಿದ್ದಿಲ್ಲ. ಆದ್ರ ಅವರ ಮನಿ, ಅವರ ಪದ್ಧತಿ."

"ಹಾಂಗ ಕುಂತಾಗ ಹಸಿವಿ ಆತೇನು?"

ಎಂಥ ಪ್ರಶ್ನೆ ಅದು. ನಾನು ಕಿಟಕಿಯ ಹೊರಗೆ ನೋಡಿದೆ. "ಆತು" ಎಂದೆ.

ಗುಂತಕಲ್ ದಾಟಿದ ಮೇಲೆ ಅವನು ಹೇಳಿದ: "ಬುದ್ಧನ ಮುಂದ ಕುಂತಾಗ ನನಗ ಏನೂ ಕಡಿಮಿ ಅನಸೂದಿಲ್ಲ. ಬಿಟ್ಟು ಬಂದದ್ದಕ್ಕ ದುಃಖಾನೂ ಇಲ್ಲ. ಆದ್ರ ನೀವು ಹಾಡಾಕತ್ತಾಗ ಹೊರಗ ನಿಂತು ಕೇಳ್ತೀನಿ ನೋಡು, ಆವಾಗ ಆಗ್ತದ."

ಇಷ್ಟು ವರ್ಷ ಅವನಿಗೆ ಹಸಿವಿಲ್ಲ ಅಂದುಕೊಂಡಿದ್ದೆ. ನಿನಗೂ ಇಲ್ಲ ಅಂದುಕೊಂಡಿದ್ದೆ. ಹೊಟ್ಟೆ ತುಂಬಿದ್ದಕ್ಕೇ ಎದ್ದು ಹೋದರು ಎಂದು ಸಿಟ್ಟಿಗೆದ್ದಿದ್ದೆ.

ನೀನು ತಿರುಗಿ ನಮ್ಮ ಬೆಂಚನ್ನು ನೋಡಿದ್ದನ್ನು ನಾನೂ ನೋಡಿದೆ. ನಿನ್ನ ಕಾಲು ಒಂದು ಹೆಜ್ಜೆ ಈ ಕಡೆ ಬಂದದ್ದನ್ನೂ ನೋಡಿದೆ. ನೀನು ಬಂದು ಕೂರಲಿಲ್ಲವೆಂದು ಕೊರಗಬೇಡ. ಬಂದಿದ್ದರೆ ನಾನೇ ಎಬ್ಬಿಸಿ, ನಿನ್ನ ಜಾಗಕ್ಕೆ ಹೋಗು ಎಂದು ಕಳಿಸುತ್ತಿದ್ದೆ.

ನಿನ್ನ ಅವ್ವ,
ಸುಂದ್ರಮ್ಮ